ಮುಕ್ತಿಯ ಬಾಗಿಲು ತೆರೆದ ಪಂಡಿತಾ ರಮಾಬಾಯಿ



ರಮಾಬಾಯಿ ಅಂದ ಕೂಡಲೇ ನಿಮಗೆ ಬಾಬಾಸಾಹೇಬರ ಸಂಗಾತಿ ಮಾತೆ ರಮಾಬಾಯಿ ನೆನಪಾಗ್ತಾರೆ. ಇದು ಅವರಿಗಿಂತ ಮೊದಲಿನ ಇನ್ನೊಬ್ಬ ರಮಾಬಾಯಿಯ ಕತೆ. ತಾಂಡೂರಿನಿಂದ ಪುಣೆ ಕಡೆ ರೈಲು ಹತ್ತಿದರೆ, ದೌಂಡ್ ದಾಟಿದ ಮೇಲೆ ಕೇಡಗಾಂವ್ ಸ್ಟೇಷನ್ ಬರ್ತದ. ಆ ಊರಲ್ಲೇ ಅವರು ಕಟ್ಟಿದ 'ಮುಕ್ತಿ' ಇರೋದು.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಬ್ರಾಹ್ಮಣ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ತಮ್ಮವರ ವಿರೋಧ ಎದುರಿಸಿದವರು. ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರು. ಬರಗಾಲ ಬಂತು ನೋಡ್ರಿ, ಹದಿಹರೆಯದ ಹುಡುಗಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳಕೊಂಡಳು. ಉಳಿದ ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದಳು. ಹಸಿವು ಅಂದ್ರೆ ಏನು ಅಂತ ಪುಸ್ತಕದಿಂದ ಕಲಿತವಳಲ್ಲ ಆಕೆ.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ 1880ರಲ್ಲಿ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದಾಗ ಮೇಲ್ಜಾತಿಯವರಿಗೆ ಸಹಿಸಲಾಗಲಿಲ್ಲ. ಎರಡೇ ವರ್ಷದಲ್ಲಿ ಗಂಡ ತೀರಿಹೋದರು. ಕೈಯಲ್ಲಿ ಕೂಸು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಬೀದಿಗೆ ಬಿದ್ದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಸಹ್ಯಪಡದೆ ಸಾಕುತ್ತಿದ್ದ ಮನೆಯನ್ನು ಲಂಡನ್ನಿನಲ್ಲಿ ಕಂಡರು. ಅದು ಅವರ ಎದೆಗೆ ತಾಕಿತು. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಊರಲ್ಲಿ ಬೈಗುಳದ ಮಳೆ. ಆಗ ಅವರ ಪರವಾಗಿ ಬರೆದವರು ಯಾರು ಗೊತ್ತಾ? ನಮ್ಮ ಜೋತಿಬಾ ಫುಲೆ.

ಮುಂದೆ ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಭಾಷಣ ಮಾಡಿದರು. 1887ರಲ್ಲಿ ಬೋಸ್ಟನ್ನಿನ ಜನ ಸಂಘ ಕಟ್ಟಿ, ಹತ್ತು ವರ್ಷ ಹಣ ಕಳಿಸುವ ಮಾತು ಕೊಟ್ಟರು. ಆ ಬೆಂಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರುವಾಯ್ತು. ಮರುವರ್ಷ ಅದು ಪುಣೆಗೆ ಬಂತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಶಾರದಾ ಸದನ ಕಟ್ಟಿದ್ದು ಮುಖ್ಯವಾಗಿ ಮೇಲ್ಜಾತಿಯ ವಿಧವೆಯರಿಗೆ. ಅಲ್ಲಿ ಮಡಿ ಪಾಲಿಸೋದಕ್ಕೂ ಅವಕಾಶ ಇತ್ತು. ನಮ್ಮ ಕೇರಿಯ ಹುಡುಗಿ ಅವರ ಮೊದಲ ಲೆಕ್ಕದಲ್ಲಿ ಇರಲಿಲ್ಲ. ಆ ಗೋಡೆ ಒಡೆದದ್ದು ಬರಗಾಲ. 1896-97ರಲ್ಲಿ ಮಧ್ಯ ಪ್ರಾಂತ್ಯಕ್ಕೆ ಸ್ವತಃ ಹೋದರು. ಎಲುಬಿನ ಹಂದರವಾಗಿದ್ದ ಹುಡುಗಿಯರಲ್ಲಿ ಅವರು ತಮ್ಮದೇ ಬಾಲ್ಯ ಕಂಡರು. ಯಾವ ಜಾತಿ ಅಂತ ನೋಡದೆ ನೂರಾರು ಮಂದಿಯನ್ನು ಕೇಡಗಾಂವಿಗೆ ಕರೆತಂದರು. 1900ರಲ್ಲಿ ಗುಜರಾತಿನ ಬರದಿಂದ ಬಂದವರೂ ಸೇರಿ ಆಶ್ರಯ ಪಡೆದವರ ಸಂಖ್ಯೆ ಸಾವಿರ ದಾಟಿತು. ಮೋಸಹೋದ ಹೆಂಗಸರಿಗೆ ಕೃಪಾ ಸದನ ಕಟ್ಟಿದರು, ಕಣ್ಣಿಲ್ಲದವರಿಗೂ ಓದು ಕಲಿಸಿದರು. ಹಣ ಸಮುದ್ರದಾಚೆಯಿಂದ ಬಂದರೂ ಹೊಲ, ಮಗ್ಗ, ಎಣ್ಣೆ ಗಾಣ, ಅಚ್ಚಿನ ಮನೆ ನಡೆಸಿದ್ದು ಆ ಹೆಣ್ಣುಮಕ್ಕಳ ಕೈಗಳೇ.

ನಮ್ಮ ಸೀಮೆಗೂ ಅವರ ಕೆಲಸ ಬಂದಿತ್ತು. ಆಗ ನಮ್ಮಂತೆ ನಿಜಾಮರ ಆಳ್ವಿಕೆಯಲ್ಲೇ ಇದ್ದ ಗುಲ್ಬರ್ಗಾದಲ್ಲಿ 1912ರಲ್ಲಿ ಶಾಲೆ ತೆರೆದರು, ಮಗಳು ಮನೋರಮಾ ಅದನ್ನು ನಡೆಸಿದರು. 1921ರಲ್ಲಿ ಮಗಳು ತೀರಿಹೋದರು. 1922ರ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಣು ಮುಚ್ಚಿದರು.

ಅವರು ನಂಬಿದ ದೇವರನ್ನು ನೀವು ನಂಬಬೇಕು ಅಂತೇನಿಲ್ಲ. ನಮ್ಮ ಕೇರಿಯಲ್ಲಿ ಚರ್ಚಿಗೆ ಹೋಗುವವರೂ ಇದ್ದಾರೆ, ಬುದ್ಧನಿಗೆ ಕೈಮುಗಿಯುವವರೂ ಇದ್ದಾರೆ. ಆದರೆ ಹಸಿದ ಹುಡುಗಿ ಬಾಗಿಲಿಗೆ ಬಂದಾಗ ಜಾತಿ ಕೇಳಬಾರದು ಅನ್ನೋದನ್ನು ಒಬ್ಬ ಪಂಡಿತೆ ಅರ್ಧ ಆಯುಷ್ಯ ಕಳೆದ ಮೇಲೆ ಕಲಿತರಲ್ಲ, ನಾವು ಅಷ್ಟು ಕಾಲ ಕಾಯಬೇಕೇ? ಜಹೀರಾಬಾದ್ ಇರಲಿ, ನಾರಾಯಣಖೇಡ್ ಇರಲಿ, ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗಿ ಇದ್ದರೆ ಅವಳ ಮನೆಗೆ ಹೋಗಿ ಮಾತಾಡ್ರಿ. 18 ತುಂಬದವಳಿಗೆ ಮದುವೆ ಗೊತ್ತು ಮಾಡಿದರೆ 1098ಕ್ಕೆ ಫೋನ್ ಮಾಡ್ರಿ. ದೊಡ್ಡ ಸದನ ಕಟ್ಟೋಕೆ ನಮ್ಮ ಹತ್ತಿರ ಹಣ ಇಲ್ಲದೇ ಇರಬಹುದು. ಬಾಗಿಲು ತೆರೆಯೋಕೆ ಹಣ ಬೇಕಿಲ್ಲ.