ಮಾನ್ಯಖೇಟದ ಲೆಕ್ಕದ ಮೇಷ್ಟ್ರು

ಡಿಗ್ರಿ ಮುಗಿಸಿ ಎಂಬಿಎ, ಎಂಸಿಎ ಕಡೆ ನೋಡುವ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಭಾಗದ ಹುಡುಗ ಹುಡುಗಿಯರಿಗೆ ಪಿಜಿಸಿಇಟಿಯಲ್ಲಿ ದೊಡ್ಡ ಗುಮ್ಮ ಎಂದರೆ ಗಣಿತದ ಭಾಗ. ಎಸ್ಸೆಸ್ಸೆಲ್ಸಿ ಆದ ಮೇಲೆ ಆರ್ಟ್ಸ್ ಹಿಡಿದವರು ಐದು ವರ್ಷ ಲೆಕ್ಕದ ಮುಖವನ್ನೇ ನೋಡಿರುವುದಿಲ್ಲ. ದಾವಣಗೆರೆಗೋ ಹೊಸಪೇಟೆಗೋ ಹೋಗಿ ಕೋಚಿಂಗ್ ಸೇರೋಣ ಅಂದರೆ ಫೀಸು, ರೂಮು, ಊಟ ಎಲ್ಲದಕ್ಕೂ ದುಡ್ಡು ಬೇಕು. ಸರ್ಕಾರಿ ಸೀಟು ತಪ್ಪಿದರೆ ಮ್ಯಾನೇಜ್‌ಮೆಂಟ್ ಸೀಟಿನ ಮಾತನ್ನು ಮನೆಯಲ್ಲಿ ಎತ್ತುವ ಹಾಗೇ ಇಲ್ಲ. ನಾನೂ ಅಂಥ ಮನೆಯವಳೇ. ಹಾಗಾಗಿ ಊರಲ್ಲೇ ಕೂತು ಓದುತ್ತಿದ್ದೇನೆ. ಈ ಓದಿನ ನಡುವೆ ನನಗೆ ಕೋಚಿಂಗ್ ಗೈಡುಗಳಿಗಿಂತ ಹೆಚ್ಚು ಧೈರ್ಯ ಕೊಟ್ಟವರು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಬ್ಬರು: ಮಹಾವೀರಾಚಾರ್ಯರು.

ಕವಿರಾಜಮಾರ್ಗ ಬರೆದವರು ಯಾರು, ಯಾವ ರಾಜನ ಆಸ್ಥಾನದಲ್ಲಿ ಎಂಬ ಪ್ರಶ್ನೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನು ಎಬ್ಬಿಸಿ ಕೇಳಿದರೂ ಉತ್ತರ ಬರುತ್ತದೆ. ಶ್ರೀವಿಜಯ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ಅದೇ ದೊರೆಯ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಇದನ್ನು ಮಾತ್ರ ನಮ್ಮಲ್ಲಿ ಕೇಳುವವರು ಕಡಿಮೆ. ರಾಜಧಾನಿ ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ನಮ್ಮ ಹಾಗೇ ಕಲ್ಯಾಣ ಕರ್ನಾಟಕದ್ದು. ಆಚಾರ್ಯರು ಜೈನರು. ಜೈನರ ವಿದ್ಯೆ ನಮಗೆ ದೂರದ್ದೂ ಅಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಹಳೆಯ ಬಸದಿ ಇವತ್ತಿಗೂ ಇದೆ.

ಅವರಿಗಿಂತ ಮುಂಚೆ ಆರ್ಯಭಟ, ಬ್ರಹ್ಮಗುಪ್ತರಂಥ ದೊಡ್ಡವರು ಗಣಿತ ಬರೆದಿದ್ದರು. ಆದರೆ ಅವರ ಗಣಿತ ಖಗೋಳಶಾಸ್ತ್ರದ ಪುಸ್ತಕದೊಳಗೆ ಒಂದೆರಡು ಅಧ್ಯಾಯವಾಗಿ ಬರುತ್ತಿತ್ತು. ಗ್ರಹಣದ ಲೆಕ್ಕ ಹಾಕುವವನಿಗೆ ಬೇಕಾದಷ್ಟು ಗಣಿತ, ಅಷ್ಟೇ. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಪಕ್ಕಕ್ಕಿಟ್ಟು ಬರೀ ಗಣಿತಕ್ಕೆಂದೇ ಒಂದು ಪುಸ್ತಕ ಮಾಡಿದರು. ಅಡುಗೆ, ವೈದ್ಯ, ಸಂಗೀತ, ನಾಟಕ, ಮನೆ ಕಟ್ಟುವುದು, ವ್ಯಾಪಾರ, ಎಲ್ಲದಕ್ಕೂ ಲೆಕ್ಕ ಬೇಕು ಎಂದು ಆರಂಭದಲ್ಲೇ ಹೇಳಿಬಿಡುತ್ತಾರೆ. ಅವರ ಓದುಗ ಜ್ಯೋತಿಷಿ ಮಾತ್ರ ಅಲ್ಲ, ಅಂಗಡಿಯವನೂ ಹೌದು.

ಒಂಬತ್ತು ಅಧ್ಯಾಯಗಳ ಹೆಸರು ಓದುವಾಗ ನನಗೆ ಪರೀಕ್ಷೆಯ ಸಿಲಬಸ್ ಓದಿದಂತಾಯಿತು. ಗುಣಾಕಾರ ಭಾಗಾಕಾರ, ವರ್ಗಮೂಲ, ಭಿನ್ನರಾಶಿ, ತ್ರೈರಾಶಿಕ, ಆಮೇಲೆ ಮಿಶ್ರಕ ವ್ಯವಹಾರ. ಈ ಮಿಶ್ರಕದಲ್ಲೇ ಬಡ್ಡಿ, ಪಾಲುಗಾರಿಕೆ, ಬೇರೆ ಬೇರೆ ತರಗತಿಯ ಚಿನ್ನ ಬೆರೆಸುವ ಲೆಕ್ಕ ಎಲ್ಲ ಇವೆ. ಮುಂದೆ ಕ್ಷೇತ್ರಫಲ, ಅಗೆತದ ಲೆಕ್ಕ, ನೆರಳಿನ ಲೆಕ್ಕ. ಗೈಡಿನಲ್ಲಿ ಇಂಗ್ಲಿಷ್ ಹೆಸರು ಹೊತ್ತು ಹೆದರಿಸುವವರೆಲ್ಲ ಇಲ್ಲಿ ಪರಿಚಯದವರಂತೆ ಕೂತಿದ್ದಾರೆ.

ಅವರ ಒಂದು ಲೆಕ್ಕ ಹೇಳುತ್ತೇನೆ. ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲದ ಹಣ್ಣಿಗೆ 101. ಒಂದೊಂದರ ಬೆಲೆ ಎಷ್ಟು? (ಶ್ರೀರಾಮ ನವಮಿಗೆ ಬೇಲದ ಹಣ್ಣಿನ ಪಾನಕ ಕುಡಿದವರಿಗೆ ಇದು ಬರೀ ಎಕ್ಸ್ ವೈ ಅಲ್ಲ.) ಆಚಾರ್ಯರ ಸೂತ್ರ ಇದು: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ ಕಳೆ; ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. 963ರಲ್ಲಿ 707 ಕಳೆದರೆ 256. 81ರಲ್ಲಿ 49 ಕಳೆದರೆ 32. ಮಾದಲ ಹಣ್ಣಿಗೆ 8, ಹಾಗಾಗಿ ಬೇಲದ ಹಣ್ಣಿಗೆ 5. ನಾವು ಬಾಯಲ್ಲೇ ಮಾಡುವುದಾದರೆ ಎರಡೂ ಸಾಲು ಕೂಡಿದರೆ 16 ಜೋಡಿಗೆ 208, ಅಂದರೆ ಜೋಡಿಗೆ 13. ಕಳೆದರೆ ವ್ಯತ್ಯಾಸ 3. ಎರಡೂ ಒಂದೇ ಗುಟ್ಟು. ಸಂಖ್ಯೆಗಳು ಅದಲುಬದಲಾಗಿವೆ ಎಂದು ಮೊದಲು ಕಣ್ಣಿಗೆ ಬೀಳಬೇಕು. ಒಂದು ಪ್ರಶ್ನೆಗೆ ನಿಮಿಷ ಚಿಲ್ಲರೆ ಸಮಯ ಇರುವ ಪರೀಕ್ಷೆಯಲ್ಲಿ ಪೆನ್ನು ಓಡಿಸುವುದಕ್ಕಿಂತ ಈ ನೋಟವೇ ಮುಖ್ಯ ಎಂಬುದು ನನ್ನ ಅನುಭವ.

ಕಾಂಬಿನೇಶನ್ ಎಂದ ಕೂಡಲೇ ಪುಟ ಮಗುಚುವವರು ಬಹಳ ಜನ. ಅದರ ಸಾಮಾನ್ಯ ಸೂತ್ರವನ್ನು ಜಗತ್ತಿನಲ್ಲಿ ಮೊದಲು ಬರೆದಿಟ್ಟವರಲ್ಲಿ ನಮ್ಮ ಆಚಾರ್ಯರು ಎದ್ದು ಕಾಣುತ್ತಾರೆ. ಮೇಲಿನ ಸಾಲಿನಲ್ಲಿ ಸಂಖ್ಯೆಗಳು ಇಳಿಯುತ್ತ, ಕೆಳಗಿನ ಸಾಲಿನಲ್ಲಿ ಒಂದರಿಂದ ಏರುತ್ತ, ಗುಣಿಸು, ಭಾಗಿಸು. ಉದಾಹರಣೆಗೆ ಅವರು ತೆಗೆದುಕೊಂಡದ್ದು ಷಡ್ರಸ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಇವುಗಳಿಂದ ಎಷ್ಟು ಬಗೆಯ ರುಚಿ ಆದೀತು? ಒಂದೊಂದೇ ಆದರೆ 6, ಎರಡೆರಡು ಬೆರೆಸಿದರೆ ಆರೈದು ಮೂವತ್ತರ ಅರ್ಧ 15, ಮೂರು ಮೂರಾದರೆ 20, ಮತ್ತೆ 15, 6, 1. ಒಟ್ಟು 63. ನನ್ನ ತಂಗಿ ಪಿಯುಸಿ, ಅವಳಿಗೆ ಯುಗಾದಿಯ ಬೇವು ಬೆಲ್ಲ ಎರಡು ರಸದ ಹದಿನೈದರಲ್ಲಿ ಒಂದು ಅಂದೆ. ಸೂತ್ರ ಅವಳಿಗೆ ಈಗಲೂ ನೆನಪಿದೆ.

ಇನ್ನೊಂದು ಲೆಕ್ಕ ಸ್ವಲ್ಪ ರಸಿಕರದ್ದು. ಗಂಡ ಹೆಂಡಿರ ಪ್ರಣಯದ ಜಗಳದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರನೆಯ ಒಂದು ಪಾಲು ದಾಸಿಯ ಕಡೆಗೆ, ಆರನೆಯ ಒಂದು ಪಾಲು ಹಾಸಿಗೆಯ ಮೇಲೆ. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಿದ ಮೇಲೆ ದಾರದಲ್ಲಿ ಉಳಿದದ್ದು 1,161 ಮುತ್ತು. ಮೊದಲಿಂದ ಹೊರಟರೆ ತಲೆ ಕೆಡುತ್ತದೆ. ಕೊನೆಯಿಂದ ಹಿಂದಕ್ಕೆ ಬನ್ನಿ: ಆರು ಸಲ ಇಮ್ಮಡಿಸಿ, ಅಂದರೆ 64ರಿಂದ ಗುಣಿಸಿ. ಮೂರನೆಯ ಒಂದು, ಆರನೆಯ ಒಂದು ಸೇರಿ ಅರ್ಧ ಮೊದಲೇ ಹೋಗಿತ್ತಲ್ಲ, ಇನ್ನೊಮ್ಮೆ ಇಮ್ಮಡಿ. 1,161 ಗುಣಿಸು 128, ಉತ್ತರ 1,48,608. ಅಷ್ಟು ಮುತ್ತಿನ ಹಾರವನ್ನು ಯಾವ ಕತ್ತು ಹೊತ್ತೀತೋ ಗೊತ್ತಿಲ್ಲ. ಹಡಗಲಿ ಮಲ್ಲಿಗೆ ಅಂದುಕೊಂಡು ನಾನು ಲೆಕ್ಕ ಮುಗಿಸಿದೆ.

ಅವರೂ ಎಡವಿದ್ದಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಬರೆದರು. ಅದು ಸರಿಯಲ್ಲ; ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಇದನ್ನೇ ಬೇರೆ ದಾರಿಯಲ್ಲಿ ನೋಡಿದರು. ಆದರೆ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಹೇಳಿದವರೂ ಅವರೇ. ನನಗೆ ಎರಡನ್ನೂ ಒಟ್ಟಿಗೆ ಓದುವುದು ಇಷ್ಟ.

ಅವರ ಪುಸ್ತಕ ದಕ್ಷಿಣ ಭಾರತದಲ್ಲಿ ಶತಮಾನಗಳ ಕಾಲ ಪಾಠಪುಸ್ತಕವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಆಮೇಲೆ ಬಹುಕಾಲ ತಾಳೆಗರಿಗಳಲ್ಲೇ ಉಳಿದಿದ್ದ ಅದನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರೊ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಕನ್ನಡ ಲಿಪಿಯ ಪ್ರತಿಗಳೂ ಅವರಿಗೆ ನೆರವಾಗಿದ್ದವು. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ತಾಲ್ಲೂಕು ಲೈಬ್ರರಿಗಳಲ್ಲಿ ಗೈಡುಗಳ ಪಕ್ಕ ಒಂದು ಪ್ರತಿ ಇಟ್ಟರೆ ಜಾಗವೇನೂ ಹೆಚ್ಚು ಬೇಕಾಗದು. ಅಲ್ಲಿಯವರೆಗೆ, 1,52,207ನ್ನು 73ರಿಂದ ಗುಣಿಸಿ ನೋಡಿ. ಅದನ್ನೂ ಅವರೇ ಕೊಟ್ಟದ್ದು. ಉತ್ತರಕ್ಕೆ ಹಾರ ಎಂದು ಹೆಸರಿಟ್ಟಿದ್ದಾರೆ, ಯಾಕೆಂದು ಕಾಗದದ ಮೇಲೆ ಕಾಣುತ್ತದೆ.