ಹ್ಯಾಮರ್‌ಗೆ ವೇಗ ಕೊಟ್ಟ ಫ್ಲಾನಗನ್

ಹ್ಯಾಮರ್ ಎಸೆತದ ಚರಿತ್ರೆಯಲ್ಲಿ ಜಾನ್ ಫ್ಲಾನಗನ್ ಅವರದು ಮರೆಯಲಾಗದ ಹೆಸರು. ಐರ್ಲೆಂಡ್‌ನ ಲಿಮರಿಕ್ ಪ್ರಾಂತ್ಯದಲ್ಲಿ ಜನಿಸಿದ ಅವರು ಅಮೆರಿಕಕ್ಕೆ ವಲಸೆ ಹೋಗಿ ನ್ಯೂಯಾರ್ಕ್ ಪೊಲೀಸ್ ಇಲಾಖೆ ಸೇರಿದರು. ಅಲ್ಲಿ ಐರಿಶ್ ಮೂಲದ ದೈತ್ಯ ಎಸೆತಗಾರರ ಗುಂಪಿಗೆ ‘ಐರಿಶ್ ತಿಮಿಂಗಿಲಗಳು’ ಎಂಬ ಅಡ್ಡಹೆಸರೇ ಇತ್ತು.

1900ರ ಪ್ಯಾರಿಸ್, 1904ರ ಸೇಂಟ್ ಲೂಯಿಸ್, 1908ರ ಲಂಡನ್ ಒಲಿಂಪಿಕ್ಸ್‌ಗಳಲ್ಲಿ ಅವರಿಗೆ ಸತತ ಚಿನ್ನ. ಈ ಸ್ಪರ್ಧೆಯಲ್ಲಿ ಮೂರು ಚಿನ್ನ ಗೆದ್ದ ಪುರುಷ ಮತ್ತೊಬ್ಬನಿಲ್ಲ.

ಆದರೆ ಅವರ ನಿಜವಾದ ಹಿರಿಮೆ ಅಂಕಿಗಳಲ್ಲಿದೆ. 1895ರಲ್ಲಿ 44.46 ಮೀಟರ್ ಎಸೆದು ದಾಖಲೆ ಬರೆದ ಅವರು, 1909ರಲ್ಲಿ ನ್ಯೂ ಹೇವನ್‌ನಲ್ಲಿ ಅದನ್ನು 56.19 ಮೀಟರ್‌ಗೆ ಒಯ್ದರು. ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಮೀಟರ್‌ಗೂ ಹೆಚ್ಚಿನ ಏರಿಕೆ! 1986ರಲ್ಲಿ ಸೋವಿಯತ್ ಒಕ್ಕೂಟದ ಯೂರಿ ಸೆದಿಖ್ ಎಸೆದ 86.74 ಮೀಟರ್‌ನ ಮುಂದಿಟ್ಟು ಫ್ಲಾನಗನ್‌ರನ್ನು ಅಳೆಯುವುದು ನ್ಯಾಯವಲ್ಲ. ಅವರ ನಂತರದ ಕಾಲವನ್ನು ನೋಡಬೇಕು. 1913ರಲ್ಲಿ ಮತ್ತೊಬ್ಬ ಐರಿಶ್ ಮೂಲದ ಪ್ಯಾಟ್ ರಯಾನ್ 57.77 ಮೀಟರ್ ಎಸೆದರು. ಆಮೇಲೆ ದಾಖಲೆ ಕಾಲು ಶತಮಾನ ಕದಲಲಿಲ್ಲ.

ತಾಯ್ನಾಡಿಗೆ ಮರಳಿದ ಫ್ಲಾನಗನ್, 1928 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಪ್ಯಾಟ್ ಓಕ್ಯಾಲಹನ್‌ಗೆ ಮಾರ್ಗದರ್ಶಕರಾದರು. ಅವರು 1938ರ ಜೂನ್‌ನಲ್ಲಿ ನಿಧನರಾದರು. ಅದೇ ಆಗಸ್ಟ್‌ನಲ್ಲಿ ಜರ್ಮನಿಯ ಎರ್ವಿನ್ ಬ್ಲಾಸ್ಕ್ 59 ಮೀಟರ್ ಎಸೆದು ರಯಾನ್ ದಾಖಲೆಯನ್ನು ಅಳಿಸಿದರು.