ಬೋರ್ಡು ಶಾಲೆಗೆ ದಾರಿ ಮಾಡಿದ ಲಾರ್ಡ್ ರಿಪ್ಪನ್

ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣದ ಹೊರಗೆ ಬಂದರೆ ಹತ್ತಿರದಲ್ಲೇ ಗಡಿಯಾರದ ಗೋಪುರವಿರುವ ದೊಡ್ಡ ಬಿಳಿ ಕಟ್ಟಡ ಕಾಣುತ್ತದೆ. ಅದು ಮಹಾನಗರ ಪಾಲಿಕೆಯ ಕಚೇರಿ. 1913ರಲ್ಲಿ ತೆರೆದ ಆ ಕಟ್ಟಡಕ್ಕೆ ರಿಪ್ಪನ್ ಬಿಲ್ಡಿಂಗ್ ಎಂದು ಹೆಸರು. ಹೊಸೂರು, ತಾಳವಾಡಿ, ನೀಲಗಿರಿ, ವಯನಾಡು, ಕಾಸರಗೋಡು, ಆದೋನಿ, ರಾಯದುರ್ಗ, ಮಡಕಶಿರಾ ಈಗ ಮೂರು ರಾಜ್ಯಗಳಲ್ಲಿ ಹಂಚಿಹೋಗಿದ್ದರೂ ಹಿಂದೆ ಎಲ್ಲವೂ ಮದ್ರಾಸ್ ಪ್ರಾಂತದಲ್ಲಿದ್ದವು. ಈ ಕಡೆಯ ಹಿರಿಯರು ತಾವು ಓದಿದ್ದು 'ಬೋರ್ಡು ಶಾಲೆ'ಯಲ್ಲಿ ಎಂದು ಹೇಳುವುದುಂಟು. ಆ ಬೋರ್ಡು ಎಂದರೆ ಗೋಡೆಯ ಮೇಲಿನ ಕರಿಹಲಗೆಯಲ್ಲ, ಶಾಲೆಯನ್ನು ನಡೆಸುತ್ತಿದ್ದ ಜಿಲ್ಲಾ ಬೋರ್ಡು. ಅಂಥ ಬೋರ್ಡುಗಳಿಗೆ ಗಟ್ಟಿಯಾದ ರೂಪ ಬರಲು ಕಾರಣನಾದವನೇ ಲಾರ್ಡ್ ರಿಪ್ಪನ್.

ಅವನ ಪೂರ್ಣ ಹೆಸರು ಜಾರ್ಜ್ ಫ್ರೆಡರಿಕ್ ಸ್ಯಾಮ್ಯುಯೆಲ್ ರಾಬಿನ್‌ಸನ್. ಹುಟ್ಟಿದ್ದು 1827ರ ಅಕ್ಟೋಬರ್ 24ರಂದು, ಲಂಡನ್ನಿನ 10ನೇ ನಂಬರ್ ಡೌನಿಂಗ್ ಸ್ಟ್ರೀಟ್ ಮನೆಯಲ್ಲಿ. ಅದು ಬ್ರಿಟನ್ನಿನ ಪ್ರಧಾನಿಯ ನಿವಾಸ. ಆಗ ಅವನ ತಂದೆಯೇ ಪ್ರಧಾನಿ. ಇಂಥ ಮನೆತನದ ಹುಡುಗ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ, ವಿಶ್ವವಿದ್ಯಾಲಯಕ್ಕೂ ಹೋಗಲಿಲ್ಲ. ಓದೆಲ್ಲ ಮನೆಯಲ್ಲೇ ಆಯಿತು. ಶಾಲೆ ಕಾಣದೆ ಬೆಳೆದವನು ಮುಂದೆ ಲಕ್ಷಾಂತರ ಮಕ್ಕಳ ಶಾಲೆಯ ಚಿಂತೆ ಹೊರಬೇಕಾಯಿತು.

ಯೌವನದಲ್ಲಿ ಅವನು ಬಡ ಕಾರ್ಮಿಕರ ಪರವಾಗಿದ್ದ ಕ್ರೈಸ್ತ ಸಮಾಜವಾದಿಗಳ ಜೊತೆ ಸೇರಿದ. 1853ರಲ್ಲಿ ಹಡರ್ಸ್‌ಫೀಲ್ಡ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಬಂದ. 1859ರಲ್ಲಿ ತಂದೆ ತೀರಿಕೊಂಡಾಗ ಅವರ ಪದವಿ ಇವನಿಗೆ ಬಂತು. ಯುದ್ಧ ಖಾತೆ ನೋಡಿಕೊಂಡ. 1866ರಲ್ಲಿ ಕೆಲವು ತಿಂಗಳು ಭಾರತದ ಖಾತೆಯ ಮಂತ್ರಿಯೂ ಆಗಿದ್ದ.

ನಮಗೆ ಮುಖ್ಯವಾದದ್ದು 1870. ಆಗ ರಿಪ್ಪನ್ ಇಂಗ್ಲೆಂಡಿನ ಶಿಕ್ಷಣ ಇಲಾಖೆಯ ಮೇಲಿನ ಸ್ಥಾನದಲ್ಲಿದ್ದ. ಅವನ ಕೈಕೆಳಗಿನ ಮಂತ್ರಿ ಫಾರ್ಸ್ಟರ್ ಪ್ರಾಥಮಿಕ ಶಿಕ್ಷಣದ ಕಾನೂನು ತಂದ. ಶಾಲೆ ಸಾಲದ ಊರುಗಳಲ್ಲಿ ಜನರೇ ಆರಿಸಿದ ಶಾಲಾ ಮಂಡಳಿ ಇರಬೇಕು, ಶಾಲೆಗೆ ಬೇಕಾದ ಹಣಕ್ಕೆ ಊರಿನ ತೆರಿಗೆ ಸಿಗಬೇಕು ಎಂಬುದು ಅದರ ತಿರುಳು. ತೆರಿಗೆ ಕೊಡುವ ಹೆಂಗಸರಿಗೂ ಆ ಚುನಾವಣೆಯಲ್ಲಿ ಮತವಿತ್ತು, ಮಂಡಳಿಗೆ ನಿಲ್ಲಲೂ ಅವಕಾಶವಿತ್ತು. ಆರಿಸುವ ಅಧಿಕಾರ ಮತ್ತು ಹಣ ಎರಡೂ ಒಂದೇ ಕಡೆ ಇದ್ದರೆ ಮಾತ್ರ ಶಾಲೆ ನಡೆಯುತ್ತದೆ ಎಂಬ ಪಾಠ ಆ ಕಾನೂನಿನಲ್ಲಿತ್ತು.

1874ರಲ್ಲಿ ಅವನು ಕ್ಯಾಥಲಿಕ್ ಮತ ಸೇರಿದ. ಅಂದಿನ ಇಂಗ್ಲೆಂಡಿನಲ್ಲಿ ದೊಡ್ಡ ರಾಜಕಾರಣಿಯೊಬ್ಬ ಹಾಗೆ ಮಾಡುವುದು ಸಣ್ಣ ವಿಷಯವಾಗಿರಲಿಲ್ಲ. ಅವನ ರಾಜಕೀಯ ಮುಗಿಯಿತು ಎಂದುಕೊಂಡವರು ಬಹಳ. ಆದರೆ 1880ರಲ್ಲಿ ಗ್ಲಾಡ್‌ಸ್ಟನ್ ಮತ್ತೆ ಪ್ರಧಾನಿಯಾದಾಗ ರಿಪ್ಪನ್ನನನ್ನೇ ವೈಸ್‌ರಾಯ್ ಮಾಡಿ ಭಾರತಕ್ಕೆ ಕಳಿಸಿದ.

ಅವನ ನಾಲ್ಕೂವರೆ ವರ್ಷದ ಆಡಳಿತದಲ್ಲಿ ನಡೆದ ಸಂಗತಿಗಳು ಕಡಿಮೆಯಲ್ಲ. 1881ರ ಮಾರ್ಚ್ 25ರಂದು ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ಮೈಸೂರು ಸಂಸ್ಥಾನ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂತು. ಅದೇ ವರ್ಷ ಮೊದಲ ಕಾರ್ಖಾನೆ ಕಾನೂನು ಬಂದು, ಏಳು ವರ್ಷ ತುಂಬದ ಮಕ್ಕಳನ್ನು ದುಡಿಸುವುದು ನಿಂತಿತು. 1882ರಲ್ಲಿ ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಯಿದೆ ರದ್ದಾಯಿತು.

ಹಣದ ವಿಷಯಕ್ಕೆ ಬರೋಣ. 1871ರವರೆಗೆ ಪ್ರಾಂತಗಳು ಪ್ರತಿ ಖರ್ಚಿಗೂ ಕಲ್ಕತ್ತೆಯ ಕಡೆ ಕೈಚಾಚಬೇಕಿತ್ತು. ಲಾರ್ಡ್ ಮೇಯೋ ಶಿಕ್ಷಣ, ಆಸ್ಪತ್ರೆ, ರಸ್ತೆ ಮುಂತಾದವನ್ನು ಪ್ರಾಂತಗಳಿಗೆ ಒಪ್ಪಿಸಿ ಗೊತ್ತಾದ ಮೊತ್ತ ಕೊಡುವ ಪದ್ಧತಿ ತಂದ. ರಿಪ್ಪನ್ ಮತ್ತು ಅವನ ಹಣಕಾಸು ಸದಸ್ಯ ಬೇರಿಂಗ್ 1882ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಸುಂಕ, ಉಪ್ಪು, ಅಫೀಮಿನ ವರಮಾನ ಕೇಂದ್ರಕ್ಕೆ. ಕೆಲವು ಬಾಬುಗಳು ಪ್ರಾಂತಕ್ಕೆ. ಅಬಕಾರಿ, ಸ್ಟ್ಯಾಂಪು, ಅರಣ್ಯದಂಥವು ಇಬ್ಬರಿಗೂ ಪಾಲು. ಸಾಲದಿದ್ದರೆ ಭೂಕಂದಾಯದಲ್ಲಿ ಒಂದು ಅಂಶ. ಐದು ವರ್ಷಕ್ಕೊಮ್ಮೆ ಲೆಕ್ಕ ಹೊಸದಾಗಿ ನೋಡಬೇಕು. ಇಂದು ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ರಾಜ್ಯಗಳ ಪಾಲು ಹೇಳುವುದನ್ನು ಪತ್ರಿಕೆಯಲ್ಲಿ ಓದುವವರಿಗೆ ಈ ಕ್ರಮ ಅಪರಿಚಿತವೆನಿಸದು.

ಪ್ರಾಂತಕ್ಕೆ ಬಂದ ಹಣ ಊರಿಗೆ ಇಳಿಯಬೇಡವೇ? ಅದಕ್ಕೆ 1882ರ ಮೇ 18ರ ನಿರ್ಣಯ. ರಿಪ್ಪನ್ನನ ಹೆಸರು ಉಳಿದಿರುವುದು ಇದರಿಂದಲೇ. ಪಟ್ಟಣಗಳಲ್ಲಿ ಮುನಿಸಿಪಾಲಿಟಿಯಂತೆ ಹಳ್ಳಿಗಾಡಿನಲ್ಲೂ ಸ್ಥಳೀಯ ಬೋರ್ಡುಗಳಿರಲಿ. ಒಂದು ಬೋರ್ಡಿನ ಹರವು ತಾಲೂಕಿಗಿಂತ ಬಹಳ ದೊಡ್ಡದಾಗದಿರಲಿ, ಏಕೆಂದರೆ ಸದಸ್ಯನಿಗೆ ಊರ ಕಷ್ಟ ಕಣ್ಣಾರೆ ಗೊತ್ತಿರಬೇಕು. ಸರಕಾರಿ ನೌಕರರು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇರಬಾರದು. ಸಾಧ್ಯವಿದ್ದಲ್ಲಿ ಚುನಾವಣೆ ಆಗಲಿ, ಅಧ್ಯಕ್ಷನೂ ಅಧಿಕಾರಿಯಲ್ಲದವನೇ ಆಗಲಿ. ಸರಕಾರ ಹೊರಗೆ ನಿಂತು ತಪ್ಪು ತಿದ್ದಲಿ, ಒಳಗೆ ಕೂತು ಅಪ್ಪಣೆ ಮಾಡದಿರಲಿ. ಗೊತ್ತಾದ ಆದಾಯದ ಮೂಲ ಇಲ್ಲದೆ ಕೆಲಸ ಮಾತ್ರ ಒಪ್ಪಿಸಬಾರದು.

ಇದಕ್ಕೆ ಆಕ್ಷೇಪ ಬಂದದ್ದು ಮುಖ್ಯವಾಗಿ ಅಧಿಕಾರಿಗಳಿಂದ. ಜನರ ಕೈಗೆ ಕೊಟ್ಟರೆ ಕೆಲಸ ಕೆಡುತ್ತದೆ ಎಂಬುದು ಅವರ ವಾದ. ರಿಪ್ಪನ್ ಅದನ್ನು ಪೂರಾ ಅಲ್ಲಗಳೆಯಲಿಲ್ಲ. ಮೊದಮೊದಲು ಎಡವಬಹುದು ಎಂದು ಒಪ್ಪಿದ. ಆದರೆ ಈ ಏರ್ಪಾಡಿನ ಮೊದಲ ಉದ್ದೇಶ ಕೆಲಸ ಚುರುಕಾಗುವುದಲ್ಲ, ಜನ ಆಡಳಿತವನ್ನು ಕಲಿಯುವುದು ಎಂಬ ಮಾತಿಗೆ ಅಂಟಿಕೊಂಡ. ಮಗು ತಾನೇ ಬರೆಯುವವರೆಗೆ ಅಕ್ಷರ ಕೂಡುವುದಿಲ್ಲ ಎಂಬುದು ಮೇಷ್ಟರಿಗೆಲ್ಲ ಗೊತ್ತಿರುವ ವಿಚಾರವೇ.

ಅದೇ 1882ರ ಫೆಬ್ರವರಿಯಲ್ಲಿ ಅವನು ಹಂಟರ್ ನೇತೃತ್ವದ ಶಿಕ್ಷಣ ಆಯೋಗವನ್ನೂ ನೇಮಿಸಿದ್ದ. ಪ್ರಾಥಮಿಕ ಶಿಕ್ಷಣ ಎಂದರೆ ಜನಸಾಮಾನ್ಯರಿಗೆ ಅವರ ನಾಡಭಾಷೆಯಲ್ಲಿ ಕೊಡುವ ಶಿಕ್ಷಣ ಎಂದು ಆಯೋಗ ಹೇಳಿತು. ಅಂಥ ಶಾಲೆಗಳನ್ನು ಜಿಲ್ಲಾ ಬೋರ್ಡು, ಮುನಿಸಿಪಾಲಿಟಿಗಳಿಗೆ ಒಪ್ಪಿಸಿ, ಅದಕ್ಕೆಂದೇ ಹಣ ಬೇರೆ ಇಡಬೇಕು, ಸರಕಾರವೂ ನೆರವು ಕೊಡಬೇಕು ಎಂದಿತು. ನಮ್ಮ ಕಡೆಯ ಬೋರ್ಡು ಶಾಲೆಗಳ ಬೇರು ಇಲ್ಲಿದೆ.

ಮದ್ರಾಸಿನಲ್ಲಿ 1884ರಲ್ಲಿ ಸ್ಥಳೀಯ ಬೋರ್ಡುಗಳ ಕಾಯಿದೆ ಬಂತು. ಜಿಲ್ಲಾ ಬೋರ್ಡು, ಅದರ ಕೆಳಗೆ ತಾಲೂಕು ಬೋರ್ಡು, ಅದರ ಕೆಳಗೆ ಕೆಲವು ಹಳ್ಳಿಗಳು ಸೇರಿದ ಯೂನಿಯನ್ ಪಂಚಾಯತಿ. ಜಮೀನಿನ ಮೇಲೆ ರೂಪಾಯಿಗೆ ಒಂದಾಣೆಯ ಮಿತಿಯಲ್ಲಿ ಸೆಸ್ಸು, ರಸ್ತೆಯ ಟೋಲು, ಸಂತೆಯ ಸುಂಕ ಇವೇ ಆದಾಯ. ಮುಂಬಯಿ ಪ್ರಾಂತದಲ್ಲೂ ಅದೇ ವರ್ಷ ಕಾಯಿದೆಯಾಗಿ, ಸೊಲ್ಲಾಪುರದಂಥ ಜಿಲ್ಲೆಗಳಿಗೆ ಲೋಕಲ್ ಬೋರ್ಡು ಬಂತು. ಜತ್ತ, ಅಕ್ಕಲಕೋಟೆ ಆಗ ಬೇರೆ ಸಂಸ್ಥಾನಗಳು. ಅಲ್ಲಿಗೆ ಈ ಕಾಯಿದೆ ತಾಗಲಿಲ್ಲ.

ಕಾಗದದ ಮೇಲಿದ್ದದ್ದು ಊರಿಗೆ ಇಳಿಯುವಾಗ ಸೊರಗಿತು ಎನ್ನುವುದನ್ನೂ ಹೇಳಬೇಕು. ಜಿಲ್ಲಾ ಬೋರ್ಡಿನ ಅಧ್ಯಕ್ಷನ ಕುರ್ಚಿಯಲ್ಲಿ ದಶಕಗಳ ಕಾಲ ಕಲೆಕ್ಟರೇ ಕೂತರು. ಸದಸ್ಯರಲ್ಲಿ ನಾಮಕರಣಗೊಂಡವರೇ ಬಹಳ. ಮತ ಇದ್ದದ್ದು ಆಸ್ತಿ, ತೆರಿಗೆ ಇದ್ದ ಕೆಲವರಿಗೆ. ಹಣವಂತೂ ಯಾವಾಗಲೂ ಸಾಲದು. ರಿಪ್ಪನ್ ತೆರೆದ ಬಾಗಿಲನ್ನು ಕೆಳಗಿನವರು ಅರ್ಧ ಮುಚ್ಚಿದರು.

1883ರಲ್ಲಿ ಭಾರತೀಯ ನ್ಯಾಯಾಧೀಶರು ಯೂರೋಪಿಯನ್ನರ ವಿಚಾರಣೆ ಮಾಡಬಹುದೆಂಬ ಇಲ್ಬರ್ಟ್ ಮಸೂದೆ ತಂದಾಗ ಇಲ್ಲಿನ ಬಿಳಿಯರು ಅವನ ಮೇಲೆ ತಿರುಗಿಬಿದ್ದರು. ಮಸೂದೆ ಕುಗ್ಗಿದ ರೂಪದಲ್ಲಿ ಪಾಸಾಯಿತು. 1884ರ ಕೊನೆಯಲ್ಲಿ ಅವನು ಹೊರಟಾಗ ಮಾತ್ರ ದಾರಿಯುದ್ದಕ್ಕೂ ಭಾರತೀಯರು ಸೇರಿ ಬೀಳ್ಕೊಟ್ಟರು. ಮುಂದೆ ಇಂಗ್ಲೆಂಡಿನಲ್ಲಿ ನೌಕಾ ಖಾತೆ, ವಸಾಹತು ಖಾತೆ ನೋಡಿಕೊಂಡ. ಇಡೀ ಭಾರತವನ್ನು ಆಳಿ ಬಂದವನು 1895ರಲ್ಲಿ ತನ್ನ ಸಣ್ಣ ಊರಾದ ರಿಪ್ಪನ್ನಿಗೆ ಮೇಯರ್ ಆಗಿಯೂ ಕೆಲಸ ಮಾಡಿದ. ಊರಾಡಳಿತ ಕೆಳದರ್ಜೆಯ ಕೆಲಸ ಎಂದು ಅವನು ಎಣಿಸಲಿಲ್ಲ. 1909ರ ಜುಲೈ 9ರಂದು ತೀರಿಕೊಂಡ.

ಪೋಷಕರೇ, ಜಿಲ್ಲಾ ಬೋರ್ಡು ಹೋಗಿದೆ, ಅದರ ವಾರಸುದಾರರು ಇದ್ದಾರೆ. ತಮಿಳುನಾಡಿನಲ್ಲಿ ನಿಮ್ಮ ಶಾಲೆಯ ಫಲಕದ ಮೇಲೆ ಊರಾಟ್ಚಿ ಒನ್ರಿಯ ಎಂದಿದ್ದರೆ ಅದು ಪಂಚಾಯತ್ ಯೂನಿಯನ್ ಶಾಲೆ. ಕಟ್ಟಡದ ದುರಸ್ತಿ ಯೂನಿಯನ್ನಿನ ಹೊಣೆ. ಶಿಕ್ಷಕರ ನೇಮಕ, ಸಂಬಳ ರಾಜ್ಯ ಸರಕಾರದ್ದು. ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಕಟ್ಟಡ, ಸೌಕರ್ಯ ಪಂಚಾಯತಿ, ನಗರಸಭೆಗಳ ಕೈಯಲ್ಲಿದೆ. ಸಂಬಳ ಅಲ್ಲೂ ರಾಜ್ಯದ್ದೇ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತೇ ಶಾಲೆ ನಡೆಸುತ್ತದೆ. ಸೋರುವ ಸೂರಿಗೆ ಶಿಕ್ಷಣಾಧಿಕಾರಿಗೆ ಅರ್ಜಿ, ಖಾಲಿ ಬಿದ್ದ ಕನ್ನಡ ಹುದ್ದೆಗೆ ಪಂಚಾಯತಿಗೆ ಅರ್ಜಿ ಕೊಟ್ಟರೆ ಎರಡೂ ಅಲೆಯುತ್ತವೆ. ವರ್ಷ ಕಳೆಯುತ್ತದೆ, ಮಗು ಮುಂದಿನ ತರಗತಿಗೆ ಹೋಗಿರುತ್ತದೆ.

ಸಂವಿಧಾನದ 350ಎ ವಿಧಿ 1956ರಲ್ಲಿ ಸೇರಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಮಾತ್ರವಲ್ಲ, ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎಂದು ಅದು ಹೆಸರಿಟ್ಟು ಹೇಳುತ್ತದೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳ ಪಟ್ಟಿಯಲ್ಲಿ ಶಾಲಾ ಶಿಕ್ಷಣವೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು.

ಮತ ಆಸ್ತಿವಂತರಿಗೆ ಮಾತ್ರ ಇದ್ದ ಕಾಲ ಹೋಯಿತು. ನಾವು ಕೂಲಿಯವರಾಗಿರಲಿ, ಹೊಲದವರಾಗಿರಲಿ, ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಮುಂದಿನ ಸಭೆಗೆ ಹೋಗುವಾಗ ಎರಡು ಅರ್ಜಿ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ: ಕಟ್ಟಡಕ್ಕೆ ಒಂದು, ಶಿಕ್ಷಕರಿಗೆ ಒಂದು. ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.